ಶರಣಾಗತಿಯ ಚಿತ್ರವನ್ನು ನೋಡುವ ಬಗೆ

ಸೈನ್ಯವೊಂದು ಶರಣಾದ ಗಳಿಗೆಯನ್ನು ತೋರಿಸುವ ಚಿತ್ರದ ಮುಂದೆ ನಿಂತಾಗ, ಮೊದಲು ಸೋತ ಸೇನಾನಿ ಎಲ್ಲಿದ್ದಾನೆಂದು ಹುಡುಕಿ. ಅಮೆರಿಕದ ಕ್ರಾಂತಿಯುದ್ಧದ ಹಣೆಬರಹವನ್ನು ಬದಲಿಸಿದ ಯಾರ್ಕ್‌ಟೌನ್ ಶರಣಾಗತಿಯನ್ನು ಕುರಿತು ಅಮೆರಿಕದ ಚಿತ್ರಕಾರ ಜಾನ್ ಟ್ರಂಬುಲ್ 1820ರಲ್ಲಿ ಮುಗಿಸಿದ ತೈಲಚಿತ್ರದಲ್ಲಿ ಈ ಹುಡುಕಾಟ ವಿಫಲವಾಗುತ್ತದೆ. ಚಿತ್ರ ಅರ್ಥವಾಗತೊಡಗುವುದೂ ಅಲ್ಲಿಂದಲೇ. ಶೀರ್ಷಿಕೆಯಲ್ಲಿ ಸೋತ ಬ್ರಿಟಿಷ್ ಸೇನಾನಿ ಲಾರ್ಡ್ ಕಾರ್ನ್‌ವಾಲಿಸನ ಹೆಸರಿದೆ, ಆದರೆ 12 ಅಡಿ ಎತ್ತರ, 18 ಅಡಿ ಅಗಲದ ಆ ಚಿತ್ರಪಟದಲ್ಲಿ ಅವನಿಲ್ಲ. ಮುಂದೆ 1792ರಲ್ಲಿ ಟಿಪ್ಪು ಸುಲ್ತಾನನ ಇಬ್ಬರು ಮಕ್ಕಳನ್ನು ಒತ್ತೆಯಾಳುಗಳಾಗಿ ಪಡೆದ ಇದೇ ಕಾರ್ನ್‌ವಾಲಿಸ್, 1781ರ ಅಕ್ಟೋಬರ್ 19ರಂದು ಅನಾರೋಗ್ಯದ ನೆಪ ಹೇಳಿ, ತನ್ನ ಬದಲಿಗೆ ಬ್ರಿಗೇಡಿಯರ್ ಜನರಲ್ ಚಾರ್ಲ್ಸ್ ಓಹಾರಾನನ್ನು ಕಳುಹಿಸಿದ್ದನು.

ಇನ್ನು ಸೋತವರು ಒಪ್ಪಿಸುವ ಖಡ್ಗದತ್ತ ಚಾಚಿದ ಕೈ ಯಾರದೆಂದು ನೋಡಿ. ನಡುವೆ ಬಿಳಿಯ ಕುದುರೆಯ ಮೇಲೆ ಬಲಗೈ ಚಾಚಿರುವವನು ಅಮೆರಿಕನ್ ಪಡೆಯ ದಂಡನಾಯಕ ವಾಷಿಂಗ್ಟನ್ ಅಲ್ಲ, ಅವನ ಅಧೀನಾಧಿಕಾರಿ ಬೆಂಜಮಿನ್ ಲಿಂಕನ್. ಎದುರು ಪಕ್ಷದ ದಂಡನಾಯಕನೇ ಬಾರದಿದ್ದಾಗ ತಾನು ಮುಂದೆ ಬರುವುದು ಸಲ್ಲದೆಂದು ವಾಷಿಂಗ್ಟನ್ ಬಲಬದಿಯಲ್ಲಿ, ಕಂದು ಕುದುರೆಯ ಮೇಲೆ ಹಿಂದೆ ಉಳಿದಿದ್ದಾನೆ. ಹಿಂದಿನ ವರ್ಷ ಚಾರ್ಲ್ಸ್‌ಟನ್‌ನಲ್ಲಿ ಬ್ರಿಟಿಷರಿಗೆ ಶರಣಾಗಿ, ಬಾವುಟ ಬಿಚ್ಚಿ ಹೊರನಡೆಯುವ ಯುದ್ಧಗೌರವವೂ ಅವರಿಂದ ಸಿಗದೆ ಹೋದವನು ಇದೇ ಲಿಂಕನ್ ಎಂಬುದು ತಿಳಿದರೆ, ಆ ಚಾಚಿದ ಕೈಗೆ ಬೇರೆಯೇ ತೂಕ ಬರುತ್ತದೆ.

ಬಳಿಕ ಧ್ವಜಗಳನ್ನು ಗಮನಿಸಿ. ಎಡಕ್ಕೆ ಬೂರ್ಬನ್ ರಾಜವಂಶದ ಬಿಳಿಯ ಬಾವುಟದ ಕೆಳಗೆ ಅಮೆರಿಕನ್ನರ ಮಿತ್ರಪಡೆಯಾದ ಫ್ರೆಂಚ್ ಅಧಿಕಾರಿಗಳು, ಬಲಕ್ಕೆ ನಕ್ಷತ್ರ ಪಟ್ಟೆಗಳ ಬಾವುಟದ ಕೆಳಗೆ ಅಮೆರಿಕನ್ನರು. ಸೋತ ಪಡೆ ಈ ಎರಡು ಸಾಲುಗಳ ನಡುವೆ ಹಾದುಬರಬೇಕು. ಫ್ರೆಂಚರ ಮುಖಗಳ ಮೇಲೆ ಕಣ್ಣನ್ನು ಸ್ವಲ್ಪ ಹೊತ್ತು ನಿಲ್ಲಿಸಿ: ಟ್ರಂಬುಲ್ 1787ರಲ್ಲಿ ಪ್ಯಾರಿಸಿಗೆ ಹೋಗಿ, ಅಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಜೆಫರ್ಸನ್ನನ ಮನೆಯಲ್ಲಿ ಅವರನ್ನು ಎದುರಿಗೆ ಕೂರಿಸಿಕೊಂಡು ಚಿತ್ರಿಸಿಕೊಂಡಿದ್ದನು. ಯಾರ್ಕ್‌ಟೌನಿನ ನೆಲವನ್ನೂ 1791ರಲ್ಲಿ ಖುದ್ದಾಗಿ ನೋಡಿ ರೇಖಾಚಿತ್ರ ಮಾಡಿಕೊಂಡನು. ಅಮೆರಿಕನ್ನರ ಸಾಲಿನಲ್ಲಿ ತನ್ನ ಅಣ್ಣ ಜೊನಾಥನ್ನನನ್ನೂ ಸೇರಿಸಿದ್ದಾನೆ. ಅಣ್ಣ ವಾಷಿಂಗ್ಟನ್ನನ ಕಾರ್ಯದರ್ಶಿಯಾಗಿದ್ದುದರಿಂದ ಇದನ್ನು ಬರಿಯ ಮಮತೆಯೆನ್ನಲಾಗದು.

ಒಂದೇ ಚಿತ್ರವನ್ನು ನಂಬಿ ಕೂರಬೇಡಿ, ಪಕ್ಕದಲ್ಲಿ ಇನ್ನೊಂದನ್ನು ಇಟ್ಟುಕೊಳ್ಳಿ. ಫ್ರಾನ್ಸಿನ ದೊರೆಗಾಗಿ ವಾನ್ ಬ್ಲಾರೆನ್‌ಬರ್ಗ್ ರಚಿಸಿದ ಯಾರ್ಕ್‌ಟೌನ್ ದೃಶ್ಯದಲ್ಲಿ ನೋಟ ದೂರದ್ದು, ವ್ಯಕ್ತಿಗಳು ಇರುವೆಗಳಷ್ಟು ಚಿಕ್ಕವರು. ಅಲ್ಲಿ ಕಣ್ಣಿಗೆ ಬೀಳುವುದು ಸೈನ್ಯದ ಸಾಲುಗಳೇ ಹೊರತು ಯಾರೊಬ್ಬನ ಕೈಯೂ ಅಲ್ಲ. ನನ್ನ ಮಟ್ಟಿಗೆ ಇದಕ್ಕಿಂತ ಉಪಯುಕ್ತವಾದ ಹೋಲಿಕೆಯೆಂದರೆ ಟ್ರಂಬುಲ್‌ನದೇ ಸರಟೋಗಾ ಚಿತ್ರ. 1777ರ ಆ ಶರಣಾಗತಿಯಲ್ಲಿ ಬ್ರಿಟಿಷ್ ಜನರಲ್ ಬರ್ಗಾಯ್ನ್ ತಾನೇ ಖಡ್ಗವನ್ನು ನೀಡುತ್ತಿದ್ದಾನೆ, ಅಮೆರಿಕದ ಜನರಲ್ ಗೇಟ್ಸ್ ಅದನ್ನು ತೆಗೆದುಕೊಳ್ಳದೆ ಡೇರೆಯತ್ತ ಕೈತೋರಿಸಿ ಅವನನ್ನು ಅತಿಥಿಯಂತೆ ಕರೆಯುತ್ತಿದ್ದಾನೆ. ಈ ಎರಡು ಚಿತ್ರಗಳೂ ವಾಷಿಂಗ್ಟನ್ ನಗರದ ಸಂಸತ್ತಾದ ಕ್ಯಾಪಿಟಲ್ ಭವನದ ಗುಮ್ಮಟದ ಕೆಳಗಿನ ಒಂದೇ ಸಭಾಂಗಣದಲ್ಲಿ ಇರುವುದರಿಂದ, ಒಂದರ ಕೈಯಿಂದ ಇನ್ನೊಂದರ ಕೈಗೆ ಕಣ್ಣು ಹಾಯಿಸಲು ಕೆಲವು ಹೆಜ್ಜೆ ನಡೆದರೆ ಸಾಕು.