ಚಿಂಚೋಳಿಯ ಹೊಲದಲ್ಲಿ ನಿಂತು ಬಂಗಾಳಕೊಲ್ಲಿ ನೋಡುವುದು

ಚಿಂಚೋಳಿ ತಾಲ್ಲೂಕಿನ ನಮ್ಮ ಹೊಲಕ್ಕೆ ಪೂರ್ವದ ಸಮುದ್ರವೂ ಪಶ್ಚಿಮದ ಸಮುದ್ರವೂ ಹೆಚ್ಚುಕಡಿಮೆ ಒಂದೇ ದೂರ. ಮಚಲಿಪಟ್ಟಣ 400 ಕಿ.ಮೀ. ದಾಟುತ್ತದೆ, ರತ್ನಾಗಿರಿಯೂ ಅಷ್ಟೇ. ಅಪ್ಪ ಇವತ್ತಿಗೂ ಸಮುದ್ರ ನೋಡಿಲ್ಲ. ನಾನು ಮೊದಲ ಸಲ ನೋಡಿದ್ದು 34ನೇ ವಯಸ್ಸಿಗೆ. ಆದರೂ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಬೆಳಿಗ್ಗೆ ಎದ್ದ ಕೂಡಲೇ ಮೊಬೈಲಿನಲ್ಲಿ ಬಂಗಾಳಕೊಲ್ಲಿ ನೋಡದೆ ನಾನು ಚಹಾ ಕುಡಿಯುವುದಿಲ್ಲ.

ಈ ಚಟ ಹತ್ತಿದ್ದು 2020ರ ಅಕ್ಟೋಬರ್‌ನಲ್ಲಿ. ನಾಲ್ಕು ಎಕರೆ ಸೋಯಾ ಕೊಯ್ದು, ಒಣಗಲಿ ಅಂತ ಹೊಲದಲ್ಲೇ ಬಿಟ್ಟಿದ್ದೆವು. ರಾಶಿ ಮಷೀನಿನವರಿಗೆ ಮೂರು ದಿನ ಬಿಟ್ಟು ಬರಲು ಹೇಳಿದ್ದೆ. ಪೇಪರಿನಲ್ಲಿ ವಾಯುಭಾರ ಕುಸಿತ ಅಂತ ಸುದ್ದಿ ಇತ್ತು. ಚಂಡಮಾರುತ ಅಲ್ಲವಲ್ಲ, ಅದಕ್ಕೊಂದು ಹೆಸರು ಕೂಡ ಇಟ್ಟಿಲ್ಲ, ಆಂಧ್ರದಲ್ಲೇ ಸುರಿದು ಮುಗಿಯುತ್ತದೆ ಅಂದುಕೊಂಡು ಸುಮ್ನಿದ್ದೆ. 13ರ ಬೆಳಿಗ್ಗೆ ಅದು ಕಾಕಿನಾಡ ಹತ್ತಿರ ದಡ ದಾಟಿತು. ಅವತ್ತೇ ರಾತ್ರಿ ಹೈದರಾಬಾದಿನ ಬೀದಿಗಳಲ್ಲಿ ಕಾರು ತೇಲುವುದನ್ನು ಟಿವಿಯಲ್ಲಿ ನೋಡುತ್ತಿದ್ದಾಗ ನಮ್ಮ ತಗಡಿನ ಮೇಲೂ ಸದ್ದು ಶುರುವಾಯಿತು. ಮುಂದಿನ ದಿನಗಳಲ್ಲಿ ಕಾಗಿಣಾ ತುಂಬಿತು, ಭೀಮಾ ದಡ ಮೀರಿ ಊರುಗಳಿಗೆ ನುಗ್ಗಿತು. ಆ ವಾಯುಭಾರ ಕುಸಿತದ ಸುಳಿ ಮಹಾರಾಷ್ಟ್ರ ದಾಟಿ ಅರಬ್ಬಿ ಸಮುದ್ರಕ್ಕೆ ಇಳಿದು ಅಲ್ಲಿ ಮತ್ತೆ ಬಲ ಹಿಡಿಯಿತು. ನನ್ನ ಸೋಯಾ ಕಾಯಿಯೊಳಗೇ ಮೊಳಕೆ ಒಡೆಯಿತು. ಉಳಿದದ್ದು ಕಪ್ಪಾಯಿತು. ಅಡತಿಯವರು ಒಂದು ಹಿಡಿ ಕೈಗೆ ತೆಗೆದುಕೊಂಡು, ಮೂಸಿ, ಮಾತಾಡದೆ ಚೀಲಕ್ಕೆ ವಾಪಸ್ ಹಾಕಿದರು.

"ಚಿತ್ತಿ ಮಳಿ ತಮ್ಮಾ, ಅದರ ಚಿತ್ತ ಯಾರಿಗಿ ಗೊತ್ತು" ಅಂದರು ಅಪ್ಪ. ನನಗೆ ಸಮಾಧಾನ ಆಗಲಿಲ್ಲ. ಮೂರು-ನಾಲ್ಕು ದಿನ ಮೊದಲೇ ಸಮುದ್ರದ ಮೇಲೆ ಕಂಡಿದ್ದ ಮಳೆ ಅದು.

ಆಮೇಲೆ ಕೂತು ಓದಿದೆ. ನನ್ನ ತಪ್ಪು ಎಲ್ಲಿತ್ತು ಅಂತ ಗೊತ್ತಾಯಿತು. ಹವಾಮಾನ ಇಲಾಖೆ ಈ ಸುಳಿಗಳಿಗೆ ದರ್ಜೆ ಕೊಡುವುದು ಗಾಳಿಯ ವೇಗ ನೋಡಿ, ಮಳೆ ನೋಡಿ ಅಲ್ಲ. ಗಂಟೆಗೆ 31ರಿಂದ 49 ಕಿ.ಮೀ. ಇದ್ದರೆ ಡಿಪ್ರೆಷನ್. 50ರಿಂದ 61 ಇದ್ದರೆ ಡೀಪ್ ಡಿಪ್ರೆಷನ್. 62 ಮುಟ್ಟಿದರೆ ಮಾತ್ರ ಚಂಡಮಾರುತ, ಆಗ ಮಾತ್ರ ಹೆಸರು. ಪೇಪರಿನವರು ಕೆಳಗಿನ ಎಲ್ಲಾ ದರ್ಜೆಗೂ ವಾಯುಭಾರ ಕುಸಿತ ಅಂತ ಒಂದೇ ಮಾತು ಬರೆದು ಕೈ ತೊಳೆದುಕೊಳ್ಳುತ್ತಾರೆ. 2020ರದ್ದು ಡೀಪ್ ಡಿಪ್ರೆಷನ್‌ನಲ್ಲೇ ನಿಂತಿತ್ತು. ದೋಣಿ ನಡೆಸುವವನಿಗೆ ಗಾಳಿಯ ದರ್ಜೆ ಮುಖ್ಯ. ಸಮುದ್ರದಿಂದ 400 ಕಿ.ಮೀ. ದೂರ ಇರುವ ನನಗೆ ಬೇಕಾದ್ದು ಬೇರೆ: ಅದು ಎಲ್ಲಿ ದಡ ಹತ್ತುತ್ತದೆ, ಯಾವ ದಿಕ್ಕಿಗೆ ಹೊರಡುತ್ತದೆ, ಎಷ್ಟು ನಿಧಾನ. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಬಾಪಟ್ಲ ಬಳಿ ದಡ ಸೇರಿದಾಗ ಟಿವಿಯಲ್ಲಿ ಎರಡು ದಿನ ಅದೇ ಸುದ್ದಿ. ಅದು ಉತ್ತರಕ್ಕೆ ತಿರುಗಿತು. ನನ್ನ ತೊಗರಿ ಹೊಲಕ್ಕೆ ಬಂದದ್ದು ಮೋಡ ಮತ್ತು ತಣ್ಣನೆ ಗಾಳಿ ಅಷ್ಟೇ.

ಈಗ ನಾನು ನೋಡುವ ಕ್ರಮ ಹೇಳುತ್ತೇನೆ. ಮೊದಲು ಮೀನುಗಾರರ ಎಚ್ಚರಿಕೆ. ನಗಬೇಡಿ. ಯಾವ ಭಾಗದ ಸಮುದ್ರಕ್ಕೆ ಯಾವ ದಿನ ಇಳಿಯಬಾರದು ಅಂತ ಇಲಾಖೆಯವರು ದಿನವೂ ಹಾಕುತ್ತಾರೆ. ಮಧ್ಯ ಬಂಗಾಳಕೊಲ್ಲಿಯ ಹೆಸರು ಅದರಲ್ಲಿ ಬಂದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಆಮೇಲೆ ಇನ್ಸಾಟ್ ಉಪಗ್ರಹದ ಇನ್ಫ್ರಾರೆಡ್ ಚಿತ್ರ, ಅರ್ಧ ಗಂಟೆಗೊಂದು ಹೊಸದು ಬರುತ್ತದೆ. ಅದರಲ್ಲಿ ಬೆಳ್ಳಗೆ ಕಂಡಷ್ಟೂ ಮೋಡದ ತಲೆ ತಣ್ಣಗಿದೆ, ಅಂದರೆ ಅಷ್ಟು ಎತ್ತರಕ್ಕೆ ಬೆಳೆದಿದೆ. ಒಂದು ಚಿತ್ರ ನೋಡಿ ಏನೂ ತಿಳಿಯುವುದಿಲ್ಲ. ಬಿಳಿ ಮುದ್ದೆ ಒಂದೇ ಜಾಗದಲ್ಲಿ ಇಡೀ ರಾತ್ರಿ ಉಳಿಯಿತಾ, ಇಲ್ಲ ಬೆಳಗಾಗುವಷ್ಟರಲ್ಲಿ ಚದುರಿತಾ ಅಂತ ನೋಡಬೇಕು.

ಸಮುದ್ರದ ಶಾಖವನ್ನೂ ನೋಡುತ್ತಿದ್ದೆ, ಈಗ ಬಿಟ್ಟಿದ್ದೇನೆ. ಚಂಡಮಾರುತ ಹುಟ್ಟಲು ನೀರು 26.5 ಡಿಗ್ರಿಗಿಂತ ಜಾಸ್ತಿ ಬಿಸಿ ಇರಬೇಕು. ಅಕ್ಟೋಬರ್‌ನ ಬಂಗಾಳಕೊಲ್ಲಿ ಸಾಮಾನ್ಯವಾಗಿ ಅದನ್ನು ದಾಟೇ ಇರುತ್ತದೆ. ಗಂಗೆ, ಗೋದಾವರಿಯಂಥ ನದಿಗಳ ಸಿಹಿನೀರು ಮೇಲೆ ಹಗುರಾಗಿ ಹರಡಿಕೊಂಡು, ಕೆಳಗಿನ ತಣ್ಣೀರು ಮೇಲೆ ಬರದಂತೆ ತಡೆಯುತ್ತದಂತೆ. ಹಾಗಾಗಿ ಸೌದೆ ಯಾವಾಗಲೂ ಸಿದ್ಧ. ಉರಿಯುವುದನ್ನು ತಡೆಯುವುದು ಮೇಲಿನ ಗಾಳಿ. ಜುಲೈ, ಆಗಸ್ಟ್‌ನಲ್ಲಿ ಕೆಳಗೆ ಪಶ್ಚಿಮದ ಗಾಳಿ, ತುಂಬಾ ಮೇಲೆ ಪೂರ್ವದ ಗಾಳಿ. ಎರಡೂ ಸೇರಿ ಸುಳಿಯ ತಲೆಯನ್ನು ಬುಡದಿಂದ ಬೇರೆ ಮಾಡುತ್ತವೆ. ಮಳೆಗಾಲದ ನಡುವೆ ಚಂಡಮಾರುತ ಅಪರೂಪ ಆಗಿರುವುದು ಅದಕ್ಕೇ.

ದಿಕ್ಕಿನ ಲೆಕ್ಕ ನನಗೆ ಹೀಗೆ ಕೂತಿದೆ. ಒಡಿಶಾದಲ್ಲಿ ದಡ ಹತ್ತಿದರೆ ಅದರ ದಾರಿ ನಮ್ಮಿಂದ ಬಹಳ ಉತ್ತರಕ್ಕೆ. ಆದರೂ ಮುಂಗಾರಿನ ಸುಳಿಗಳಲ್ಲಿ ಜಾಸ್ತಿ ಮಳೆ ಬೀಳುವುದು ನೈರುತ್ಯದ ಬದಿಗೆ, ಹಾಗಾಗಿ ಪೂರ್ತಿ ನಿಶ್ಚಿಂತೆ ಇಲ್ಲ. ಮಚಲಿಪಟ್ಟಣದಿಂದ ವಿಶಾಖಪಟ್ಟಣದ ನಡುವೆ ಹತ್ತಿ ನೇರ ಪಶ್ಚಿಮಕ್ಕೆ ಹೊರಟರೆ ಅದು ನಮ್ಮ ಮನೆಗೇ ಬರುವ ನೆಂಟ. ತಮಿಳುನಾಡಿಗೆ ಹೋದರೆ ನಮಗೆ ಬರೀ ಮೋಡ. ಆದರೆ ಹೂವು, ಕಾಯಿ ಇರುವ ತೊಗರಿಗೆ ಆ ಮೋಡವೂ ಒಳ್ಳೆಯದಲ್ಲ. ಕಾಯಿಕೊರಕ ಏಳುತ್ತದೆ. ಅಂಥ ದಿನ ಬೆಳಿಗ್ಗೆ ಗಿಡ ಅಲ್ಲಾಡಿಸಿ ಕೆಳಗೆ ಬಟ್ಟೆ ಹಿಡಿದು ಹುಳ ಎಣಿಸುತ್ತೇನೆ.

ಎಡವಿದ್ದೂ ಇದೆ. 2022ರ ಅಕ್ಟೋಬರ್‌ನಲ್ಲಿ ಕಂಪ್ಯೂಟರ್ ಲೆಕ್ಕ ಹಾಕಿ ಕೊಡುವ ಒಂದು ಮುನ್ಸೂಚನೆ ನಕ್ಷೆಯಲ್ಲಿ ವಾರಕ್ಕೂ ಮೊದಲೇ ದೊಡ್ಡ ಸುಳಿ ಕಂಡಿತು. ತಡವಾಗಿ ಬಿತ್ತಿದ ಎರಡು ಎಕರೆ ಸೋಯಾ ಇನ್ನೂ ಹಸಿ ಇತ್ತು. ಜಾಸ್ತಿ ಬಾಡಿಗೆ ಕೊಟ್ಟು ಮಷೀನು ತರಿಸಿ ರಾಶಿ ಮಾಡಿಸಿದೆ. ಸಿತ್ರಾಂಗ್ ಅನ್ನುವ ಆ ಚಂಡಮಾರುತ ಬಾಂಗ್ಲಾದೇಶಕ್ಕೆ ಹೋಯಿತು. ನಮ್ಮಲ್ಲಿ ಸುಡು ಬಿಸಿಲು. ತೇವಾಂಶ ಜಾಸ್ತಿ ಅಂತ ಮಾರ್ಕೆಟ್ಟಿನಲ್ಲಿ ರೇಟು ಕಡಿದರು. ಪಕ್ಕದ ಹೊಲದ ಕಾಕಾ ಈಗಲೂ ಕೇಳುತ್ತಾರೆ, "ಏನಪಾ, ಈ ಸಲ ಸಮುದ್ರ ನಮ್ಮೂರಿಗಿ ಬರ್ತದೋ, ಇಲ್ಲೋ?" ಅವತ್ತಿನಿಂದ ಐದು ದಿನಕ್ಕಿಂತ ಮುಂದಿನ ನಕ್ಷೆ ನೋಡಿ ರೊಕ್ಕ ಖರ್ಚು ಮಾಡುವುದಿಲ್ಲ. ಯುರೋಪಿನ ಹವಾಮಾನ ಸಂಸ್ಥೆ ಕೊಡುವ ನಕ್ಷೆ, ಅಮೆರಿಕದವರು ಕೊಡುವ ನಕ್ಷೆ ಎರಡೂ ಎರಡು ದಿನ ಸತತವಾಗಿ ಒಂದೇ ದಡ ತೋರಿಸಬೇಕು, ಇಲಾಖೆಯ ಬುಲೆಟಿನ್ನೂ ಅದಕ್ಕೆ ಹೊಂದಬೇಕು. ಆಗ ಮಾತ್ರ ಮಷೀನಿಗೆ ಫೋನು.

ಹೈದರಾಬಾದಿನಲ್ಲಿ ಇನ್ಕಾಯಿಸ್ ಅಂತ ಕೇಂದ್ರ ಸರ್ಕಾರದ ಸಂಸ್ಥೆ ಇದೆ. ಸಮುದ್ರವಿಲ್ಲದ ಊರಿನಲ್ಲಿ ಕೂತು ಅಲೆಗಳ ಮುನ್ಸೂಚನೆ ಕೊಡುತ್ತದೆ, ನನ್ನ ಹಾಗೇ! ಅವರು ಅಲೆ 3 ಮೀಟರ್ ಅಂದರೆ ಎಲ್ಲಾ ಅಲೆಯೂ ಅಷ್ಟೇ ಅಂತಲ್ಲ. ದೊಡ್ಡ ಮೂರನೇ ಒಂದು ಪಾಲು ಅಲೆಗಳ ಸರಾಸರಿ ಅದು. ಒಂಟಿ ಅಲೆ ಹತ್ತಿರ ಹತ್ತಿರ ಅದರ ದುಪ್ಪಟ್ಟೂ ಏಳಬಹುದು. ನೆಂಟರ ಮದುವೆಗೆ ವಿಶಾಖಪಟ್ಟಣಕ್ಕೆ ಹೋದಾಗ ದಡದಲ್ಲಿ ನಿಂತು ವಾಚು ಹಿಡಿದು ಎಣಿಸಿದೆ. ಗಾಳಿ ಎಲೆ ಅಲ್ಲಾಡಿಸುವಷ್ಟೂ ಇರಲಿಲ್ಲ, ಆದರೆ 12-13 ಸೆಕೆಂಡಿಗೊಂದು ಉದ್ದನೆ ಅಲೆ ನಿಧಾನಕ್ಕೆ ಬರುತ್ತಿತ್ತು. ಅಲ್ಲಿನ ಗಾಳಿ ಎಬ್ಬಿಸಿದ್ದಲ್ಲ ಅದು. ಎಲ್ಲೋ ದೂರದ ಬಿರುಗಾಳಿ ಎಬ್ಬಿಸಿ, ಕಡಲಲ್ಲಿ ದಿನಗಟ್ಟಲೆ ನಡೆದು ಬಂದದ್ದು. ಹೆಂಡತಿ, "ಫೋಟೋ ತೆಗೀರಿ ಅಂದ್ರ ವಾಚ್ ನೋಡ್ಲಾಕತ್ತೀರಲ್ರಿ" ಅಂತ ಬೈದಳು.

ಇಷ್ಟೆಲ್ಲಾ ನೋಡಿಯೂ ತೋಯಿಸಿಕೊಂಡಿದ್ದೇನೆ. ಮಧ್ಯಾಹ್ನ ಬಿಸಿಲು ಕಾದು, ಸಂಜೆ ನಾಲ್ಕಕ್ಕೆ ಒಂದೇ ಊರಿನ ಮೇಲೆ ಎದ್ದು ಸುರಿದು ಹೋಗುವ ಗುಡುಗಿನ ಮಳೆ ಇದೆಯಲ್ಲ, ಅದು ಸಮುದ್ರದ ನಕ್ಷೆಯಲ್ಲಿ ಸಿಗುವುದಿಲ್ಲ. ಅದಕ್ಕೆ ದಾಮಿನಿ ಆ್ಯಪಿನಲ್ಲಿ ಸಿಡಿಲು ಎಷ್ಟು ಹತ್ತಿರ ಬಂತು ಅಂತ ನೋಡುತ್ತೇನೆ. ಬಣವೆ ಪಕ್ಕದಲ್ಲಿ ಎರಡು ತಾಡಪತ್ರಿ, ನಾಲ್ಕು ಕಲ್ಲು ಯಾವಾಗಲೂ ಇರುತ್ತವೆ.