ನನ್ನ ಪುಸ್ತಕದ ಮಾತು ಅವರ ಬಾಯಲ್ಲಿ

ಕಥೆ ಬರೆಯುವಾಗ ಪುಟಗಟ್ಟಲೆ ಹರಿಯುವ ನನ್ನ ಮಾತು, ಪುಸ್ತಕ ಅಚ್ಚಾಗಿ ಕೈಗೆ ಬಂದ ಕೂಡಲೇ ಬತ್ತಿಹೋಗುತ್ತದೆ. ‘ಓದಿ’ ಎಂಬ ಎರಡಕ್ಷರ ಹೇಳಲು ಗಂಟಲು ಕಟ್ಟುತ್ತದೆ. ಮೊದಲ ಸಂಕಲನ ಬಂದಾಗ ಪರಿಚಿತರಿಗೆಲ್ಲ ಕಳಿಸಿದ ಸಂದೇಶ ಹೀಗಿತ್ತು: “ನನ್ನದೊಂದು ಪುಟ್ಟ ಕಥಾಸಂಕಲನ ಪ್ರಕಟವಾಗಿದೆ. ಬಿಡುವಾದಾಗ ಕಣ್ಣಾಡಿಸಿ.” ಯಾರಿಗೂ ಬಿಡುವಾಗಲಿಲ್ಲ.

ಈ ಸಂಕೋಚದ ಬೇರು ಆಳದಲ್ಲಿದೆ. ಮಹಾಭಾರತದ ಕರ್ಣಪರ್ವದಲ್ಲಿ, ಗಾಂಡೀವವನ್ನು ಬೇರೆಯವರಿಗೆ ಕೊಟ್ಟುಬಿಡು ಎಂದ ಧರ್ಮರಾಯನ ಮೇಲೆ ಅರ್ಜುನ ಕತ್ತಿ ಹಿರಿಯುತ್ತಾನೆ, ಹಾಗೆಂದವರನ್ನು ಕೊಲ್ಲುವುದು ಅವನ ಪ್ರತಿಜ್ಞೆ. ಹಿರಿಯರನ್ನು ಹೀಗಳೆದರೂ ಕೊಂದಂತೆಯೇ ಎಂದು ಕೃಷ್ಣ ತಡೆಯುತ್ತಾನೆ. ಅಣ್ಣನನ್ನು ಬೈದ ಪಶ್ಚಾತ್ತಾಪಕ್ಕೆ ಅರ್ಜುನ ತನ್ನನ್ನೇ ಕೊಂದುಕೊಳ್ಳಲು ಹೊರಟಾಗ ಕೃಷ್ಣ ಹೇಳುವ ಉಪಾಯ: ನಿನ್ನನ್ನು ನೀನೇ ಹೊಗಳಿಕೋ, ಅದೂ ಸತ್ತಂತೆಯೇ. ಇಂಥ ಕಥೆ ಕೇಳಿ ಬೆಳೆದವರು ‘ನನ್ನ ಪುಸ್ತಕ ಚೆನ್ನಾಗಿದೆ, ಕೊಳ್ಳಿ’ ಎಂದು ಯಾವ ಬಾಯಿಂದ ಹೇಳುವುದು?

ಆದರೆ ಬೇರೆಯವರ ಪುಸ್ತಕವೆಂದರೆ ಇದೇ ಬಾಯಿಗೆ ಬಿಡುವಿರುವುದಿಲ್ಲ. ಗೆಳತಿಯೊಬ್ಬಳ ಕಾದಂಬರಿಯ ಬಗ್ಗೆ ಸಿಕ್ಕವರಿಗೆಲ್ಲ ಹೇಳುತ್ತಿದ್ದೆ. ಅವಳು ಮಾತ್ರ ತನ್ನ ಪುಸ್ತಕದ ಮಾತೆತ್ತಿದರೆ ವಿಷಯ ಬದಲಿಸುತ್ತಿದ್ದಳು. ನನ್ನ ಎರಡನೆಯ ಸಂಕಲನ ಬಂದಾಗ ಅವಳೇ ಹೇಳಿದಳು: “ಈ ಸಲ ಸಂದೇಶ ನಾನು ಬರೆಯುತ್ತೇನೆ, ನೀನು ಸುಮ್ಮನಿರು.” ಅವಳು ಬರೆದದ್ದು ಇಷ್ಟು: “ಗಂಡ ತೀರಿಕೊಂಡ ಮೇಲೂ ಅವನ ಮೊಬೈಲ್ ಸಂಖ್ಯೆ ರದ್ದಾಗದಂತೆ ತಿಂಗಳು ತಿಂಗಳೂ ಹಣ ಕಟ್ಟುವ ಹೆಂಗಸಿನ ಕಥೆ ಇದರಲ್ಲಿದೆ. ಒಂದು ದಿನ ಆ ಸಂಖ್ಯೆಗೆ ಸಾಲ ಕೊಟ್ಟವನೊಬ್ಬನ ಕರೆ ಬರುತ್ತದೆ. ಮುಂದಿನದನ್ನು ನಾನು ಹೇಳುವುದಿಲ್ಲ.”

ಇದನ್ನು ನಾನು ಬರೆದಿದ್ದರೆ ‘ಸಾವು ಮತ್ತು ನೆನಪಿನ ಸುತ್ತ ಹೆಣೆದ ಕಥೆಗಳು’ ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದೆ. ಲೇಖಕರಿಗೆ ತಾವು ಏನು ಹೇಳಹೊರಟಿದ್ದೆವು ಎಂಬುದೇ ತಲೆಯಲ್ಲಿರುತ್ತದೆ. ಓದಿದವರಿಗೆ ಏನು ನಡೆಯಿತು ಎಂಬುದು ನೆನಪಿರುತ್ತದೆ. ಪುಸ್ತಕದತ್ತ ಕೈ ಚಾಚುವಂತೆ ಮಾಡುವುದು ಈ ಎರಡನೆಯದು. ಆ ಸಂದೇಶಕ್ಕೆ ಬಂದ ಉತ್ತರಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆ: ಅವಳು ಕರೆ ಎತ್ತಿದಳೇ?

ಒಬ್ಬರ ಪುಸ್ತಕದ ಬಗ್ಗೆ ಇನ್ನೊಬ್ಬರು ಹೇಳುವ ಈ ಏರ್ಪಾಡಿಗೆ ಅಲ್ಲಿಂದ ಇನ್ನೂ ಕೆಲವರು ಸೇರಿಕೊಂಡರು. ಒಬ್ಬರು ಕವಿ, ಒಬ್ಬರು ಅನುವಾದಕರು, ಒಬ್ಬರು ಐತಿಹಾಸಿಕ ಕಾದಂಬರಿ ಬರೆಯುವವರು. ಬೇರೆ ಬೇರೆ ಪ್ರಕಾರದವರಾದದ್ದು ಒಳ್ಳೆಯದೇ ಆಯಿತು. ಕವಿಯ ಓದುಗರು ನನ್ನ ಹೆಸರನ್ನೇ ಕೇಳಿರಲಿಲ್ಲ. ಎಲ್ಲರೂ ಒಂದೇ ದಿನ ಒಂದೇ ಪುಸ್ತಕದ ಬಗ್ಗೆ ಬರೆದರೆ ಮೆರವಣಿಗೆಯಂತೆ ಕಾಣುತ್ತದೆ, ಮರುದಿನ ಬೀದಿ ಖಾಲಿ. ಹಾಗಾಗಿ ವಾರಕ್ಕೊಬ್ಬರಂತೆ ಬರೆಯುತ್ತೇವೆ. ಬಿಡುಗಡೆಯಲ್ಲಿ ಲೇಖಕರ ಭಾಷಣ ಬೇಡವೆಂದು ತೀರ್ಮಾನಿಸಿ, ಗುಂಪಿನ ಒಬ್ಬರು ಪಕ್ಕದಲ್ಲಿ ಕುಳಿತು ಪ್ರಶ್ನೆ ಕೇಳುವ ಪದ್ಧತಿ ಇಟ್ಟುಕೊಂಡೆವು. ಕೇಳಿದ್ದಕ್ಕೆ ಉತ್ತರಿಸುವುದು ಜಂಬವೆನಿಸುವುದಿಲ್ಲ, ಅಲ್ಲವೇ?

ಅನುವಾದಕರಿಗೆ ಮಾತ್ರ ಒಂದು ಅಳುಕಿತ್ತು. “ಇದು ಅಹೋ ರೂಪಂ ಅಹೋ ಧ್ವನಿಃ ಆಗುವುದಿಲ್ಲವೇ?” ಎಂದು ಕೇಳಿದರು. ಒಂಟೆಯ ಮದುವೆಯಲ್ಲಿ ಹಾಡಿದ ಕತ್ತೆ ಒಂಟೆಯ ರೂಪವನ್ನು ಹೊಗಳಿತು, ಒಂಟೆ ಕತ್ತೆಯ ದನಿಯನ್ನು. ಪ್ರಶ್ನೆ ನ್ಯಾಯವಾದದ್ದೇ. ಲೇಖಕರು ಗೆಳೆಯರ ಪುಸ್ತಕ ಎತ್ತಿಹಿಡಿಯುವುದು ಹೊಸದಲ್ಲ: 1937ರಲ್ಲಿ ಇಂಗ್ಲಿಷ್ ಲೇಖಕ ಟೋಲ್ಕಿನ್ ಅವರ ‘ದಿ ಹಾಬಿಟ್’ ಕಾದಂಬರಿ ಬಂದಾಗ ಲಂಡನ್ನಿನ ‘ಟೈಮ್ಸ್ ಲಿಟರರಿ ಸಪ್ಲಿಮೆಂಟ್’ನಲ್ಲಿ ಅದನ್ನು ಮೆಚ್ಚಿ ವಿಮರ್ಶೆ ಬರೆದವರು ಅವರ ಆಪ್ತ ಗೆಳೆಯ ಸಿ. ಎಸ್. ಲೂಯಿಸ್. ಆಗ ಆ ಪತ್ರಿಕೆಯ ವಿಮರ್ಶೆಗಳಿಗೆ ಲೇಖಕರ ಹೆಸರು ಹಾಕುವ ರೂಢಿ ಇರಲಿಲ್ಲ, ಗೆಳೆತನ ಓದುಗರಿಗೆ ತಿಳಿಯುವಂತಿರಲಿಲ್ಲ. ನಾವು ‘ಇವರು ನನ್ನ ಸ್ನೇಹಿತರು’ ಎಂಬುದನ್ನು ಮೊದಲ ಸಾಲಿನಲ್ಲೇ ಹೇಳಿಬಿಡುತ್ತೇವೆ. ಅಮೆಜಾನ್‌ನಂಥ ಕಡೆ ನಕ್ಷತ್ರ ಹಾಕುವ ಗೋಜಿಗೆ ಹೋಗುವುದಿಲ್ಲ. ಲೇಖಕರು ಪರಸ್ಪರ ವಿಮರ್ಶೆ ವಿನಿಮಯ ಮಾಡಿಕೊಳ್ಳುವುದು ಅಲ್ಲಿನ ನಿಯಮಕ್ಕೆ ವಿರುದ್ಧ, ನಮ್ಮ ಮರ್ಯಾದೆಗೂ ಕೇಡು.

ಇನ್ನೊಂದು, ನನ್ನ ಬಗ್ಗೆ ಬರೆದವರ ಬಗ್ಗೆಯೇ ನಾನು ಬರೆಯಬೇಕೆಂಬ ಲೆಕ್ಕ ಇಡುವುದಿಲ್ಲ. ಪೂರ್ತಿ ಓದದೆ ಯಾರೂ ಬಾಯಿ ಬಿಡುವಂತಿಲ್ಲ. ಮೆಚ್ಚುಗೆಯಾಗದಿದ್ದರೆ ಹೇಳಿ ಹಿಂದೆ ಸರಿಯಬಹುದು.

ಈ ಕೊನೆಯದೇ ಕಷ್ಟದ್ದು. ಐತಿಹಾಸಿಕ ಕಾದಂಬರಿಕಾರರ ಒಂದು ಪುಸ್ತಕ ನನಗೆ ಹಿಡಿಸಲಿಲ್ಲ. ಯುದ್ಧದ ಅಧ್ಯಾಯಗಳಲ್ಲಿ ನಾನು ದಾರಿ ತಪ್ಪಿದೆ. “ಸರ್, ಇದರ ಬಗ್ಗೆ ನಾನು ಬರೆದರೆ ಸುಳ್ಳಾಗುತ್ತದೆ” ಎಂದು ಅವರಿಗೆ ಫೋನಿನಲ್ಲೇ ಹೇಳಿದೆ. ‘ಆಗಲಿ’ ಎಂದವರು ಸ್ವಲ್ಪ ಕಾಲ ಮಾತು ಕಡಿಮೆ ಮಾಡಿದರು. ಕವಿಗೆ ಅದೇ ಯುದ್ಧದ ಅಧ್ಯಾಯಗಳು ಇಷ್ಟವಾಗಿದ್ದವು, ಅವರು ಬರೆದರು. ನನ್ನ ಮೂರನೆಯ ಸಂಕಲನ ಬಂದಾಗ ಸಂವಾದಕ್ಕೆ ತಾವೇ ಕೂರುತ್ತೇನೆಂದು ಕಾದಂಬರಿಕಾರರು ಮುಂದೆ ಬಂದರು. ಮೊದಲ ಪ್ರಶ್ನೆಯೇ “ನಿಮ್ಮ ಕಥೆಗಳಲ್ಲಿ ಗಂಡಸರೆಲ್ಲ ಇಷ್ಟು ಬೇಗ ಯಾಕೆ ಸಾಯುತ್ತಾರೆ?” ಸಭೆ ಗೊಳ್ಳೆಂದು ನಕ್ಕಿತು. ಇಲ್ಲ ಸರ್, ಎಲ್ಲರೂ ಸಾಯುವುದಿಲ್ಲ ಎಂದು ಸಮರ್ಥಿಸಿಕೊಳ್ಳುವ ಭರದಲ್ಲಿ ಬದುಕುಳಿದ ಗಂಡಸರ ಕಥೆಗಳನ್ನೆಲ್ಲ ಒಂದೊಂದಾಗಿ ಹೇಳುತ್ತಾ ಹೋದೆ.