ಗೋವಾದ ಸೈಟಿನಲ್ಲಿ ನೆರಳಷ್ಟೇ ಸಾಲದು, ಗಾಳಿಯೂ ಬೇಕು

‘ವಿಜಯಪುರದ ಬಿಸಿಲು ಉಂಡವರಿಗೆ ಗೋವಾದ ಬಿಸಿಲು ಏನ್ ಮಹಾ?’ ವಾಸ್ಕೋ, ಮಡಗಾಂವ್ ಕಡೆ ಕಟ್ಟಡ ಕೆಲಸಕ್ಕೆ ಬರುವ ನಮ್ಮವರ ಮಾತಿದು. ಏಪ್ರಿಲ್‌ನಲ್ಲಿ ಊರಲ್ಲಿ 40 ಡಿಗ್ರಿ ಇದ್ದರೆ ಇಲ್ಲಿ 33–34, ನಿಜ. ಆದರೆ ಇಲ್ಲಿಯ ಗಾಳಿಯಲ್ಲಿ ತೇವ ಜಾಸ್ತಿ. ಬೆವರು ಸುರಿಯುತ್ತದೆ, ಆರುವುದಿಲ್ಲ. ಬೆವರು ಆರದೆ ಮೈ ತಣಿಯದು.

ಹಾಗಾಗಿ ಕೆಲಸದ ನಡುವೆ ಕೂತು ದಣಿವಾರಿಸಿಕೊಳ್ಳಲು ನೆರಳು, ಗಾಳಿ ಎರಡೂ ಇರುವ ಜಾಗ ಬೇಕು. ಮೊದಲು ಅದು ಎಲ್ಲಿರಬೇಕೆಂದು ನೋಡಿ. ಸ್ಲ್ಯಾಬಿನಿಂದ ಇಳಿದು ಗೇಟಿನ ತನಕ ನಡೆಯಬೇಕೆಂದರೆ ಯಾರೂ ಹೋಗುವುದಿಲ್ಲ. ಸೆಂಟ್ರಿಂಗ್ (ಸ್ಲ್ಯಾಬಿಗೆ ಕೊಟ್ಟ ಆಸರೆಯ ಹಲಗೆ, ಕಂಬ) ಬಿಚ್ಚಿದ, ಇನ್ನೂ ಗೋಡೆ ಏಳದ ಕೆಳಗಿನ ಮಹಡಿ ಒಳ್ಳೆಯದು. ಅಂಚಿಗೆ ಅಡ್ಡಗಟ್ಟೆ ಮಾತ್ರ ಮರೆಯಬೇಡಿ.

ಅಂಥ ಮಹಡಿ ಇಲ್ಲವಾದರೆ ಚಪ್ಪರ ಹಾಕಿ. ಬರೀ ತಗಡು ಬೇಡ. ಮಧ್ಯಾಹ್ನ ಅದರ ಕೆಳಗೆ ಕೂತರೆ ನೆತ್ತಿಯ ಮೇಲೆ ರೊಟ್ಟಿ ಹಂಚು ಇಟ್ಟಂತೆ. ತಗಡೇ ಗತಿಯಾದರೆ ಮೇಲೆ ತೆಂಗಿನ ಗರಿ ದಪ್ಪಗೆ ಹೊದಿಸಿ ಬಿಗಿದು ಕಟ್ಟಿ. ಗೋವಾದಲ್ಲಿ ಗರಿಗೇನು ಬರವೇ? ಇಳಿಬಿಸಿಲು ಬರುವುದು ಪಡುವಣದಿಂದ, ಸಮುದ್ರದ ಗಾಳಿ ಬರುವುದೂ ಅಲ್ಲಿಂದಲೇ. ಆ ಕಡೆ ಟಾರ್ಪಾಲ್ ಕಟ್ಟಿ ಗಾಳಿ ತಡೆಯಬೇಡಿ, ಹಸಿರು ನೆಟ್ ಸಾಕು. ಕರೆಂಟ್ ಇದ್ದರೆ ದೊಡ್ಡ ಫ್ಯಾನ್ ಇಡಿ. ನೀರಿನ ಕೂಲರ್‌ಗೆ ದುಡ್ಡು ಹಾಕುವುದು ದಂಡ, ಇರುವ ತೇವಕ್ಕೆ ಇನ್ನಷ್ಟು ತೇವ ಸೇರಿಸುತ್ತದೆ ಅಷ್ಟೇ. ಮಣ್ಣಿನ ಗಡಿಗೆಯೂ ಊರಿನಷ್ಟು ತಣ್ಣಗಾಗದು. ಐಸ್ ಹಾಕಿದ ವಾಟರ್ ಜಾರ್ ಇಡಿ. ಬಿಸಿಲಲ್ಲಿ ದುಡಿಯುವವರು 15–20 ನಿಮಿಷಕ್ಕೊಂದು ಲೋಟ ಕುಡಿಯಲಿ. ಊಟದ ಹೊತ್ತಿಗೆ ಉಪ್ಪು ಹಾಕಿದ ಮಜ್ಜಿಗೆ ಇರಲಿ.

ಇಷ್ಟೆಲ್ಲ ಮಾಡಿಯೂ ಚಪ್ಪರ ಖಾಲಿ ಇರಬಹುದು. ಕೂತರೆ ಪಗಾರ ಕಟ್ ಆಗುತ್ತದೆಂಬ ಭಯ, ಅಲ್ವಾ? ಕೂತ ಹೊತ್ತಿಗೂ ಪಗಾರ ಉಂಟೆಂದು ಮೇಸ್ತ್ರಿ ಎಲ್ಲರೆದುರು ಹೇಳಬೇಕು, ತಾನೂ ಬಂದು ಕೂರಬೇಕು. ನನ್ನ ಲೆಕ್ಕದಲ್ಲಿ ಫ್ಯಾನಿಗಿಂತ ಇದು ಮುಖ್ಯ.

ಹೊಸಬರಿಗೆ ಮೊದಲ ದಿನ ಬಿಸಿಲ ಕೆಲಸ ಐದರಲ್ಲಿ ಒಂದು ಪಾಲು ಸಾಕು. ಆಮೇಲೆ ದಿನಕ್ಕೊಂದು ಪಾಲು ಏರಿಸಿ. ಜಾತ್ರೆಗೆಂದು ಊರಿಗೆ ಹೋಗಿ ವಾರಗಟ್ಟಲೆ ಉಳಿದು ಬಂದವರನ್ನೂ ಒಮ್ಮೆಲೇ ಬಿಸಿಲಿಗೆ ನೂಕಬೇಡಿ.

ಚಪ್ಪರದ ಪಕ್ಕ ಒಂದು ಡ್ರಮ್ ನೀರು, ಒಂದು ಮಗ್ಗು ಯಾವಾಗಲೂ ಇರಲಿ. ಯಾರಾದರೂ ತೊದಲಿದರೆ, ಏನೇನೋ ಮಾತಾಡಿದರೆ, ಎಚ್ಚರ ತಪ್ಪಿದರೆ 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವ ತನಕ ಮೈಮೇಲೆ ನೀರು ಸುರಿಯುತ್ತಾ ಗಾಳಿ ಹಾಕಿ. ಎಚ್ಚರವಿಲ್ಲದವರ ಬಾಯಿಗೆ ನೀರು ಬಿಡಬೇಡಿ. ಆ ಡ್ರಮ್ಮಿನ ನೀರನ್ನು ಸಿಮೆಂಟ್ ಕಲಸಲು ಒಯ್ಯದಂತೆ ನೋಡಿಕೊಳ್ಳಲು ಒಬ್ಬರಿಗೆ ಹೇಳಿಡಿ.